‘ದಿಸ್’ ಅಂದ್ರೆ ಯಾರು ಮಾರಾಯ್ರೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ತಾಳಮದ್ದಲೆ ಹೊಸತಲ್ಲ. ವೇಷ ಇಲ್ಲ, ಬಣ್ಣ ಇಲ್ಲ. ಅರ್ಥಧಾರಿ ಕೂತಲ್ಲಿಂದಲೇ "ನಾನು" ಅಂತಾರೆ. ಆ "ನಾನು" ಇವತ್ತು ಕರ್ಣ, ನಾಳೆ ಕೃಷ್ಣ. ಯಾವ ಪಾತ್ರ ಕೊಟ್ಟು ಕೂರಿಸಿದರೋ ಅದು. ಜಾವಾಸ್ಕ್ರಿಪ್ಟಿನ ‘ದಿಸ್’ ಕೂಡ ಹೀಗೆಯೇ. ಫಂಕ್ಷನ್ ಎಲ್ಲಿ ಬರೆದಿದ್ದೀರಿ ಅಂತ ಅದು ನೋಡುವುದಿಲ್ಲ, ಕರೆದವರು ಯಾರು ಅಂತ ನೋಡುತ್ತದೆ.

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಈ ಭಾಷೆಯ ಮೊದಲ ರೂಪ ಕಟ್ಟಿದರು. ಬಟನ್ ಒತ್ತಿದಾಗ ಎರಡು ಸಾಲು ಓಡಬೇಕು, ‘ದಿಸ್’ ಅಂದರೆ ಆ ಬಟನ್. ಅಷ್ಟಕ್ಕೆ ಚೆನ್ನಾಗಿಯೇ ಇತ್ತು. ತಾಪತ್ರಯ ಶುರುವಾದದ್ದು "ಇದನ್ನು ಆಮೇಲೆ ಮಾಡು" ಅಂತ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡುವ ಕಾಲ ಬಂದಾಗ. 2005ರಲ್ಲಿ ಅಜಾಕ್ಸ್ ಎಂಬ ಹೆಸರು ಹುಟ್ಟಿತು, 2006ರ ಆಗಸ್ಟಿನಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿ 1.0 ಬಂತು. ಆಮೇಲೆ ಕೇಳಬೇಕೆ! ಎಲ್ಲಿ ನೋಡಿದರೂ ಹಳೆಯ ಬರಹ ಮೆಲ್ಲಗೆ ಮಾಸಿ, ಹೊಸದು ಸರ್ವರಿನಿಂದ ಬಂದು ಮೆಲ್ಲಗೆ ಮೂಡುವ ಪುಟಗಳು :-)

ನಮ್ಮ ಆಬ್ಜೆಕ್ಟಿನಲ್ಲಿ ‘ತರು’ ಅಂತ ಒಂದು ಫಂಕ್ಷನ್ ಇದೆ ಅಂದುಕೊಳ್ಳಿ. ಫೇಡ್‌ಔಟ್ ಮುಗಿದ ಮೇಲೆ ಓಡಲಿ ಅಂತ ಕಾಲ್‌ಬ್ಯಾಕಿನೊಳಗೆ ‘ದಿಸ್.ತರು’ ಅಂತ ಬರೆದರೆ? ಕರೆಯುವುದು ಜೆಕ್ವೆರಿ. ಅದು ‘ದಿಸ್’ ಜಾಗದಲ್ಲಿ ಈಗಷ್ಟೇ ಮಾಸಿಹೋದ ಡಿವ್ ಅನ್ನು ಕೂರಿಸಿರುತ್ತದೆ. ಆ ಡಿವ್‌ಗೆ ‘ತರು’ ಗೊತ್ತೇ ಇಲ್ಲ. ಹಳೆಯದು ಹೋಯಿತು, ಹೊಸದು ಬರಲಿಲ್ಲ, ಪುಟ ಖಾಲಿ. ನೋಡುವವರಿಗೆ ಸರ್ವರ್ ಕೆಟ್ಟ ಹಾಗೆ ಕಾಣುತ್ತದೆ. ಇನ್ನೊಂದು ತಮಾಷೆ ಇದೆ: ಮೂರು ಡಿವ್‌ಗಳನ್ನು ಒಟ್ಟಿಗೆ ಮಾಸಿಸಿದರೆ ಕಾಲ್‌ಬ್ಯಾಕ್ ಮೂರು ಸಲ ಓಡುತ್ತದೆ, ಪ್ರತಿ ಸಲ ‘ದಿಸ್’ ಬೇರೆ. 2006ರಲ್ಲೇ ಬಂದ ಫೈರ್‌ಬಗ್‌ನ ಕನ್ಸೋಲಿನಲ್ಲಿ ‘ದಿಸ್’ ಅನ್ನು ಮುದ್ರಿಸಿ ನೋಡುವ ತನಕ ಎಷ್ಟೋ ಜನ ಅಲರ್ಟ್ ಹಾಕಿಕೊಂಡೇ ಹುಡುಕುತ್ತಿದ್ದರು ಪಾಪ.

ಮದ್ದು ಮೊದಲೇ ಇತ್ತು. ಡಗ್ಲಾಸ್ ಕ್ರಾಕ್‌ಫರ್ಡ್ 2001ರಲ್ಲೇ ‘ದಿಸ್’ ಅನ್ನು ‘ದಟ್’ ಎಂಬ ಹೆಸರಲ್ಲಿ ಹಿಡಿದಿಡುವ ಉಪಾಯ ಬರೆದಿದ್ದರು, ಇದು ಭಾಷೆಯ ನಿಯಮದ್ದೇ ತಪ್ಪು ಅಂತಲೂ ಹೇಳಿದ್ದರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಬಟನ್ನಿನ ವಿಷಯದಲ್ಲಿ ಆ ಗುಣವೇ ಅಲ್ಲವೇ ಅನುಕೂಲ? ಪ್ರೋಟೋಟೈಪ್ ಲೈಬ್ರರಿಯಲ್ಲಿದ್ದ ‘ಬೈಂಡ್’ 2009ರ ಡಿಸೆಂಬರಿನಲ್ಲಿ ಇಎಸ್5 ಮೂಲಕ ಭಾಷೆಗೇ ಸೇರಿತು. 2010ರ ಜನವರಿಯಲ್ಲಿ ಜೆಕ್ವೆರಿ 1.4 ಅಜಾಕ್ಸ್ ಕರೆಗೆ ‘ಕಾಂಟೆಕ್ಸ್ಟ್’ ಎಂಬ ಆಯ್ಕೆಯನ್ನೇ ಕೊಟ್ಟಿತು. ಆದರೆ ಐಇ 8ರಲ್ಲಿ ಬೈಂಡ್ ಇರಲಿಲ್ಲ, ಹಾಗಾಗಿ ‘ಸೆಲ್ಫ್ = ದಿಸ್’ ಎಂಬ ಸಾಲು ಬಹಳ ವರ್ಷ ಬಾಳಿತು.

2015ರ ಜೂನಿನಲ್ಲಿ ಆರೋ ಫಂಕ್ಷನ್ ಬಂತು. ಅದಕ್ಕೆ ಸ್ವಂತ ‘ದಿಸ್’ ಇಲ್ಲ, ಹೊರಗಿನದ್ದೇ ಅದರದ್ದು. ಸರಿ, ಮುಗಿಯಿತು ಅಂತೀರಾ? ಈಗ ನನ್ನ ಕೈಗೆ ಬರುವ ಹಳೆಯ ಕೋಡಿನಲ್ಲಿ ಇದರ ಉಲ್ಟಾ ಕಾಣುತ್ತಿದೆ. ಡಿವ್ ಬೇಕು ಅಂತಲೇ ‘ದಿಸ್’ ಬರೆದಿದ್ದ ಕಾಲ್‌ಬ್ಯಾಕುಗಳನ್ನು ಯಾರೋ ಸಾರಾಸಗಟಾಗಿ ಆರೋಗೆ ಬದಲಿಸಿರುತ್ತಾರೆ. ಮತ್ತೆ ಅದೇ ಖಾಲಿ ಪುಟ!