ಛಿ ಎಂಬ ದಮ್ಮು: ಉಸಿರು ಮುಷ್ಟಿಯೊಳಗೆ ಬಂದ ಕತೆ

ಚೀನಾದ ಸಮರಕಲೆಗಳ ಬಗ್ಗೆ ಕನ್ನಡದಲ್ಲಿ ಬರೆಯಹೊರಟವರಿಗೆ ಮೊದಲು ಅಡ್ಡಬರುವುದು ಒಂದು ಸಣ್ಣ ಪದ. ಇಂಗ್ಲಿಷಿನ ಮೂಲಕ ನಮಗೆ ‘ಚಿ’ ಎಂದು ಪರಿಚಯವಾದ ಅದರ ಮೂಲ ಉಚ್ಚಾರ ‘ಛಿ’ಗೆ ಹತ್ತಿರ. ತಾಯ್ ಚಿಯಲ್ಲಿರುವ ‘ಚಿ’ ಬೇರೆಯೇ ಪದ, ‘ತುತ್ತತುದಿ’ ಎಂದು ಅದರ ಅರ್ಥ. ಒಂದು ಮಹಾಪ್ರಾಣ, ಇನ್ನೊಂದು ಅಲ್ಪಪ್ರಾಣ. ಇಂಗ್ಲಿಷ್ ಬರಹದಲ್ಲಿ ಈ ಭೇದ ಅಳಿಸಿಹೋಗಿ ಎರಡೂ ಒಂದೇ ಎಂಬ ಭ್ರಮೆ ಹುಟ್ಟಿದೆ. ನಮ್ಮ ಲಿಪಿಯಲ್ಲಿ ಅದನ್ನು ಉಳಿಸಿಕೊಳ್ಳಬಹುದಾದ್ದರಿಂದ ಇಲ್ಲಿ ‘ಛಿ’ ಎಂದೇ ಬರೆಯುತ್ತೇನೆ.

ಅರ್ಥದ ತೊಡಕು ಇನ್ನೂ ದೊಡ್ಡದು. ‘ಪ್ರಾಣ’ ಎಂದು ಅನುವಾದಿಸಿದೊಡನೆ ಉಪನಿಷತ್ತು, ಪ್ರಾಣಾಯಾಮಗಳೆಲ್ಲ ಹಿಂದೆಯೇ ಬಂದು ಕೂರುತ್ತವೆ. ಚೀನೀಯರ ದಿನಬಳಕೆಯಲ್ಲಿ ಗಾಳಿ, ಹವೆ, ಸಿಟ್ಟು, ಮೈಬಲ ಇವುಗಳನ್ನು ಹೇಳುವ ಮಾತುಗಳಲ್ಲೆಲ್ಲ ಛಿ ಇದೆ. ನನಗೆ ಹತ್ತಿರವೆನಿಸುವುದು ನಮ್ಮ ‘ದಮ್ಮು’. ದಮ್ಮು ಕಟ್ಟಿತು ಎಂದರೆ ಉಸಿರು. ದಮ್ಮಿದ್ದರೆ ಬಾ ಎಂದರೆ ಕಸುವು, ಧೈರ್ಯ. ದೇಹ ಮತ್ತು ಮನಸ್ಸಿನ ನಡುವೆ ಗೆರೆ ಎಳೆಯದ ಪದ ಅದು.

ಈ ದಮ್ಮು ಹೊಡೆದಾಟದ ಕಲೆಯೊಳಗೆ ಬಂದದ್ದು ಯಾವಾಗ? ತರಗತಿಗಳ ಕರಪತ್ರದಲ್ಲಿ ಸಿಗುವ ಉತ್ತರ: ಸಾವಿರಾರು ವರ್ಷಗಳ ಹಿಂದೆ. ಇದು ಅರ್ಧ ನಿಜ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರ ಸಮಾಧಿಯೊಂದನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರವೊಂದು ಸಿಕ್ಕಿತು. ಅದರಲ್ಲಿ ಮೈ ಚಾಚುವ, ಬಾಗುವ, ಉಸಿರಾಡುವ 44 ಭಂಗಿಗಳಿವೆ. ಅಂದರೆ ಉಸಿರಿನ ಸಾಧನೆ ಬಹಳ ಹಳೆಯದು. ಆದರೆ ಅದು ಆರೋಗ್ಯ, ದೀರ್ಘಾಯುಷ್ಯಗಳ ಸಾಧನೆ. ಅದಕ್ಕೂ ಮುಷ್ಟಿಯುದ್ಧಕ್ಕೂ ಗಟ್ಟಿ ನಂಟು ಬೆಳೆದದ್ದು ಬಹಳ ತಡವಾಗಿ, ಮಿಂಗ್ ರಾಜವಂಶದ ಕೊನೆಗಾಲದಲ್ಲಿ.

ಆ ನಂಟಿಗೆ ಸಿಗುವ ಮುಖ್ಯ ಸಾಕ್ಷಿ 1624ರ ‘ಯಿಜಿನ್ ಜಿಂಗ್’, ಸ್ನಾಯುಗಳನ್ನು ಮಾರ್ಪಡಿಸುವ ಗ್ರಂಥ. ಮೈಯನ್ನು ತಿಕ್ಕಿ, ಮರದ ಒನಕೆಯಂಥ ಸಾಧನಗಳಿಂದ ಬಡಿದು, ಒಳಗೆ ಛಿ ತುಂಬಿ ಗಟ್ಟಿಯಾಗುವ ವಿಧಾನ ಅದರಲ್ಲಿದೆ. ಅದರ ಮುನ್ನುಡಿ ತಾನು ಏಳನೇ ಶತಮಾನದ್ದೆಂದು ಹೇಳಿಕೊಂಡು, ವಿದ್ಯೆಯನ್ನು ಬೋಧಿಧರ್ಮನಿಗೆ ಕಟ್ಟುತ್ತದೆ. ಆ ಮುನ್ನುಡಿ ಖೋಟಾ. ದಕ್ಷಿಣ ಭಾರತದಿಂದ ಹೋದ ಭಿಕ್ಷುವೊಬ್ಬ ಶಾವೊಲಿನ್ ಮಠಕ್ಕೆ ಕುಂಗ್‌ಫೂ ಕಲಿಸಿದನೆಂದು ನಾವು ಹೆಮ್ಮೆಯಿಂದ ಹೇಳುವ ಕತೆ ಬೆಳೆದದ್ದು ಈ ಬೇರಿನಿಂದ.

‘ಒಳಗಿನ ಕಲೆ’ ಎಂಬ ಹೆಸರು ಬಂದದ್ದು ಇನ್ನೊಂದು ದಾರಿಯಿಂದ. 1644ರಲ್ಲಿ ಬೀಜಿಂಗ್ ಮಂಚೂಗಳ ವಶವಾಯಿತು. ಅವರ ವಿರುದ್ಧ ಹೋರಾಡಿ ಸೋತ ವಿದ್ವಾಂಸ ಹುವಾಂಗ್ ಜೊಂಗ್‌ಶಿ, 1669ರಲ್ಲಿ ವಾಂಗ್ ಜೆಂಗ್‌ನಾನ್ ಎಂಬ ಜಟ್ಟಿಗೆ ಸಮಾಧಿ ಲೇಖ ಬರೆದ. ಶಾವೊಲಿನ್‌ನದು ಹೊರಗಿನ ಕಲೆ. ಇನ್ನೊಂದು ಒಳಗಿನದು, ಅದು ನಿಶ್ಚಲತೆಯಿಂದ ಚಲನೆಯನ್ನು ಗೆಲ್ಲುತ್ತದೆ, ಅದರ ಮೂಲಪುರುಷ ವುಡಾಂಗ್ ಬೆಟ್ಟದ ದಾವೊ ಸಾಧಕ ಜಾಂಗ್ ಸಾನ್‌ಫೆಂಗ್ ಎಂದ. ಹೊರಗಿನದೆಂದರೆ ಹೊರದೇಶದಿಂದ ಬಂದ ಬೌದ್ಧ ಮಠದ ಕಲೆ. ಒಳಗಿನದೆಂದರೆ ನೆಲದ ಕಲೆ. ಈ ಮಾತಿನ ಹಿಂದೆ ಮಂಚೂ ಆಳ್ವಿಕೆಯ ಸಂಕಟವಿದೆ ಎಂದು ಹಲವು ಇತಿಹಾಸಕಾರರು ಓದಿದ್ದಾರೆ. ಗಮನಿಸಬೇಕಾದ್ದೆಂದರೆ, ವಾಂಗ್‌ನ ಶಿಷ್ಯನೇ ಆಗಿದ್ದ ಹುವಾಂಗ್‌ನ ಮಗ 1676ರಲ್ಲಿ ಈ ಕಲೆಯನ್ನು ವಿವರಿಸಿದಾಗ ಮುಖ್ಯವಾಗಿ ಪಟ್ಟಿ ಮಾಡಿದ್ದು ಹೊಡೆತಗಳನ್ನು, ಮರ್ಮಸ್ಥಾನಗಳನ್ನು, ಮಾಡಬಾರದ ತಪ್ಪುಗಳನ್ನು.

ಛಿಯ ಮೇಲಿನ ನಂಬಿಕೆ ಎಷ್ಟು ದುಬಾರಿಯಾಗಬಹುದು ಎಂಬುದು 1900ರಲ್ಲಿ ಗೊತ್ತಾಯಿತು. ಮಂತ್ರ, ದೇವರ ಆವೇಶ, ಉಸಿರಿನ ಸಾಧನೆಗಳಿಂದ ಗುಂಡು ತಾಗದ ಮೈ ಸಿಗುತ್ತದೆಂದು ನಂಬಿದ ಬಾಕ್ಸರ್ ಬಂಡಾಯಗಾರರು ಎಂಟು ದೇಶಗಳ ಸೇನೆಯೆದುರು ಸತ್ತರು. ಚೀನಾವನ್ನು ‘ಪೂರ್ವ ಏಷ್ಯಾದ ರೋಗಿ’ ಎಂದು ಹಂಗಿಸುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಸುನ್ ಲುಟಾಂಗ್ ಬರೆದ ಪುಸ್ತಕಗಳು ದಿಕ್ಕು ಬದಲಿಸಿದವು. 1915ರ ಶಿಂಗ್‌ಯಿ ಪುಸ್ತಕದಿಂದ 1921ರ ತಾಯ್ ಚಿ ಪುಸ್ತಕದವರೆಗೆ, ಬಾಗುವಾವನ್ನೂ ಸೇರಿಸಿ, ಮೂರು ಕಲೆಗಳ ತತ್ತ್ವ ಒಂದೇ ಎಂದು ಆತ ವಾದಿಸಿದ. ಸಮರಕಲೆ ಈಗ ಶತ್ರುವನ್ನು ಬೀಳಿಸುವ ವಿದ್ಯೆಯಷ್ಟೇ ಅಲ್ಲ, ದುರ್ಬಲನೂ ಕಲಿತು ಗಟ್ಟಿಯಾಗಬಹುದಾದ ಸಾಧನೆಯಾಯಿತು. ಇಂದು ನಾವು ‘ಒಳಗಿನ ಕಲೆಗಳು’ ಎನ್ನುವಾಗ ನೆನಪಾಗುವುದು ಈ ಮೂರೇ.

1930ರಲ್ಲಿ ಟಾಂಗ್ ಹಾವ್ ಎಂಬ ಸಂಶೋಧಕ ದಾಖಲೆಗಳನ್ನು ಜಾಲಾಡಿ, ಬೋಧಿಧರ್ಮನೂ ಜಾಂಗ್ ಸಾನ್‌ಫೆಂಗ್‌ನೂ ಯಾವ ಮುಷ್ಟಿಕಲೆಯನ್ನೂ ಹುಟ್ಟಿಸಲಿಲ್ಲ ಎಂದು ಬರೆದ. ಎರಡೂ ಪಂಗಡದವರು ಸಿಟ್ಟಾದರು.

ಮುಂದೆ ಸರಕಾರವೇ ಛಿಯನ್ನು ಕೈಗೆತ್ತಿಕೊಂಡಿತು. ಉಸಿರಿನ ಅಭ್ಯಾಸದಿಂದ ತನ್ನ ಹೊಟ್ಟೆಹುಣ್ಣು ವಾಸಿಯಾಯಿತೆಂದ ಕಮ್ಯುನಿಸ್ಟ್ ಕಾರ್ಯಕರ್ತ ಲಿಯು ಗುಯಿಜೆನ್ ಮತ್ತು ಸಂಗಡಿಗರು 1949ರಲ್ಲಿ ಆ ಚಿಕಿತ್ಸೆಗೆ ‘ಛಿಗೊಂಗ್’ ಎಂಬ ಹೆಸರನ್ನು ಆರಿಸಿಕೊಂಡರು. ದೇವರು, ಗುರುಪರಂಪರೆಗಳನ್ನು ಕಳಚಿ ಅದನ್ನು ಆಸ್ಪತ್ರೆಗೆ ತಂದರು. 1956ರಲ್ಲಿ ಸರಕಾರದ ಕ್ರೀಡಾ ಆಯೋಗ 24 ಚಲನೆಗಳ ಸರಳ ತಾಯ್ ಚಿ ರೂಪಿಸಿತು. ಲೋಕದ ಉದ್ಯಾನಗಳಲ್ಲೆಲ್ಲ ಬೆಳಿಗ್ಗೆ ಜನ ಮಾಡುವುದು ಹೆಚ್ಚಾಗಿ ಅದನ್ನೇ.

ಹಾಗಾದರೆ ಛಿ ಸುಳ್ಳೇ? ಈ ಇತಿಹಾಸ ಹಾಗೆ ಹೇಳುವುದಿಲ್ಲ. ಪ್ರತಿ ಕಾಲವೂ ತನಗೆ ಬೇಕಾದ್ದನ್ನು ಆ ಪದದೊಳಗೆ ಇಟ್ಟಿದೆ: ಸೋತವನ ಸ್ವಾಭಿಮಾನ, ನಾಡಿನ ಆರೋಗ್ಯ, ಬಡ ದೇಶದ ಅಗ್ಗದ ವೈದ್ಯ. ಅಭ್ಯಾಸ ಮಾತ್ರ ಹೆಚ್ಚುಕಡಿಮೆ ಒಂದೇ. ಮೊಣಕಾಲು ತುಸು ಬಗ್ಗಿಸಿ, ಹೆಗಲು ಇಳಿಬಿಟ್ಟು, ಗಮನವನ್ನು ಹೊಕ್ಕುಳ ಕೆಳಗಿಟ್ಟು ಅಲುಗದೆ ನಿಲ್ಲಬೇಕು. ಹತ್ತು ನಿಮಿಷಕ್ಕೆ ತೊಡೆ ನಡುಗುತ್ತದೆ. ಬಿಗಿಯಬೇಕಾಗಿಲ್ಲದ ಸ್ನಾಯುಗಳನ್ನು ಎಷ್ಟೊಂದು ಬಿಗಿದುಕೊಂಡೇ ಬದುಕುತ್ತಿದ್ದೇವೆ ಎಂಬುದು ಆಗ ತಿಳಿಯುತ್ತದೆ. ವಯಸ್ಸಾದವರು ಬೀಳುವುದನ್ನು ತಾಯ್ ಚಿ ಕಡಿಮೆ ಮಾಡುತ್ತದೆಂದು ಇಂದಿನ ಸಂಶೋಧನೆಗಳೂ ತೋರಿಸಿವೆ. ಗುಂಡನ್ನು ತಡೆಯುತ್ತದೆಂದು ನಂಬಿದವರು ಏನಾದರೆಂದು ಮೇಲೆ ನೋಡಿದ್ದೇವೆ.

ನಿಮ್ಮೂರಿನ ಉದ್ಯಾನದಲ್ಲಿ ಯಾರಾದರೂ ಈ ವಿದ್ಯೆ ಕಲಿಸುತ್ತಿದ್ದರೆ, ಇದು ಎಷ್ಟು ಸಾವಿರ ವರ್ಷ ಹಳೆಯದೆಂದು ಕೇಳಿ ಫಲವಿಲ್ಲ. ಹತ್ತು ವರ್ಷದಿಂದ ಅವರ ಬಳಿ ಕಲಿಯುತ್ತಿರುವವರು ಹೇಗೆ ನಿಲ್ಲುತ್ತಾರೆ, ಹೇಗೆ ನಡೆಯುತ್ತಾರೆ ಎಂದು ಒಮ್ಮೆ ನೋಡಿ. ದಮ್ಮು ಇದ್ದರೆ ಅಲ್ಲಿ ಕಾಣುತ್ತದೆ.