ಮೇಜಿನ ಮೇಲಿನ ಮಾರುತ

ಕನ್ನಡ ಪಾಠ ಹೇಳಿದ ಮುದುಕನಿಗೆ ಇದೇಕೆಂದು ಕೇಳುಗರು ನಗಬಹುದು. ಮೊಮ್ಮಗನೊಡನೆ ಕುಳಿತು, ಪ್ಲಾಸ್ಟಿಕ್ಕಿನ ಬಿಡಿ ತುಂಡುಗಳನ್ನು ಅಂಟಿಸಿ ಜೆಟ್ ವಿಮಾನವೊಂದರ ಮಾದರಿಯನ್ನು ಕಟ್ಟಿದೆ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ರೂಪುಗೊಂಡ ಎಚ್.ಎಫ್.-24 ‘ಮಾರುತ’ ಅದು. ನಿಜವಾದ ವಿಮಾನದ 72ರಲ್ಲಿ ಒಂದು ಪಾಲು. ಉದ್ದ ಸುಮಾರು ಒಂದು ಗೇಣು.

ಸ್ವಾರಸ್ಯವೆಂದರೆ, ಮಾರುತವೂ ಮೊದಲು ಹಾರಿದ್ದು ಮಾದರಿಯಾಗಿಯೇ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕರ ತಂಡವು 1959ರಲ್ಲಿ ಅದೇ ಅಳತೆಯ, ಎಂಜಿನ್ನಿಲ್ಲದ ಮರದ ವಿಮಾನವನ್ನು ಡಕೋಟಾದ ಹಿಂದೆ ಕಟ್ಟಿ ಹಾರಿಸಿ ಪರೀಕ್ಷಿಸಿತು. ನಿಜವಾದ ಜೆಟ್ ಮೇಲೇರಿದ್ದು 1961ರ ಜೂನ್ 17ರಂದು; ಹಾರಿಸಿದವರು ಸುರಂಜನ್ ದಾಸ್. ಶಬ್ದದ ವೇಗದ ಇಮ್ಮಡಿಯನ್ನು ಮುಟ್ಟಬೇಕೆಂಬುದು ಸಂಕಲ್ಪ. ಅದಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ಬಾಲದ ಎರಡು ಕೊಳವೆಗಳಿಗೆ ಕಪ್ಪು ಬಳಿಯುವಾಗ ನನಗೆ ಇದೇ ಚಿಂತೆ. ನಡುಗುವ ಕೈ ಬೇರೆ. ಮೂರು ಸಲ ಒರೆಸಿ ಬಳಿದೆ.

ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು ಕಡೆಯಲ್ಲಿ ಅಂಟಿಸಬೇಕು. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯುಂಟಲ್ಲ, ಅವರು ಯಾರೆಂದು ಮೊಮ್ಮಗ ಕೇಳಿದ್ದು ಆಗಲೇ. 1970ರ ಜನವರಿ 10ರಂದು ಮಾರುತದ ಪರೀಕ್ಷಾ ಹಾರಾಟದಲ್ಲಿಯೇ ದಾಸ್ ಮಡಿದರೆಂಬುದನ್ನು, ಆ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಹೇಳಿದೆ.