ಸಾಯಗಾಂವದ ಸುಸ್ತಿಯ ಚರಿತ್ರೆ

1956ರ ನವೆಂಬರ್ 1ಕ್ಕೆ ಮೊದಲು ಉದಗೀರ, ನಿಲಂಗಾ, ಅಹ್ಮದ್‌ಪುರ ಎಲ್ಲ ನಮ್ಮ ಬೀದರ ಜಿಲ್ಲೆಯೊಳಗೇ ಇದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಅವು ಮರಾಠಿ ಸೀಮೆಗೆ ಸೇರಿದವು. ಜಹೀರಾಬಾದ್, ನಾರಾಯಣಖೇಡ ತೆಲುಗು ಸೀಮೆಗೆ ಹೋದವು. ಭಾಲ್ಕಿ ತಾಲ್ಲೂಕಿನ ನಮ್ಮ ಸಾಯಗಾಂವ ಮೈಸೂರು ರಾಜ್ಯಕ್ಕೆ ಬಂತು. ಗಡಿ ಬಿದ್ದರೂ ರೋಗಿಗಳ ದಾರಿ ಬದಲಾಗಲಿಲ್ಲ. ಮೈಯಲ್ಲಿ ಕಸುವಿಲ್ಲದವರು ಈಗಲೂ ಭಾಲ್ಕಿಗೆ ಹೋಗಿ, ಅಲ್ಲಿ ಗುಣ ಕಾಣದಿದ್ದರೆ ಉದಗೀರಕ್ಕೆ, ಮುಂದೆ ಲಾತೂರಿಗೋ ಹೈದರಾಬಾದಿಗೋ ಹೊರಡುತ್ತಾರೆ. ನಾನೂ ಈ ದಾರಿಗಳನ್ನೆಲ್ಲ ಸವೆಸಿದವಳು. ಪಿಯುಸಿ ಮುಗಿದ ವರ್ಷ ಹಿಡಿದ ಸುಸ್ತಿ ಇಪ್ಪತ್ತಾರು ತುಂಬಿದರೂ ಬಿಟ್ಟಿಲ್ಲ. ರಾತ್ರಿಯಿಡೀ ನಿದ್ದೆ ಮಾಡಿ ಎದ್ದರೂ ಕೈಕಾಲಲ್ಲಿ ಜೀವ ಇರುವುದಿಲ್ಲ. ಒಂದು ದಿನ ಮದುವೆಮನೆಯಲ್ಲಿ ಓಡಾಡಿದರೆ ಮರುದಿನ ಹಾಸಿಗೆಯೇ ಗತಿ. ಹೊಟ್ಟೆಪಾಡಿಗೆ ಭಾಲ್ಕಿಯ ಲ್ಯಾಬೊಂದರಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುತ್ತೇನೆ. ಊರಿನವರ ಸುಸ್ತಿ ದಿನವೂ ನನ್ನ ಮುಂದೆ ತೋಳು ಚಾಚಿ ಕೂರುತ್ತದೆ. ಹಿಂದಿನವರು ಇದಕ್ಕೆ ಏನು ಮಾಡುತ್ತಿದ್ದರು ಎಂದು ಹುಡುಕತೊಡಗಿದ್ದು ಹಾಗೆ.

ನಮ್ಮ ಆಯಿ ಹೇಳುವ ಪ್ರಕಾರ ಸುಸ್ತಿ ಎಂದರೆ ಮೊದಲ ಅನುಮಾನ ನಜರಿನ ಮೇಲೆ. ಉಪ್ಪು, ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುವುದು. ಘಾಟು ಬರದಿದ್ದರೆ ನಜರು ತಗಲಿದ್ದು ಖರೆ. ಆಮೇಲೆ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹರಕೆ, ಬೀದರ ಹತ್ತಿರದ ಅಷ್ಟೂರಿನ ದರ್ಗಾಕ್ಕೆ ಹೋಗಿ ಬರುವುದು. ಅಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹ್ಮದ್ ಷಾ ಮುಸಲ್ಮಾನರಿಗೆ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದಣಿದವಳನ್ನು ಯಾರೋ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ನಿನಗೇನೋ ಆಗಿದೆ ಎಂದು ಒಪ್ಪುತ್ತಿದ್ದರು.

ಔಷಧ ಕೊಡುವವರೂ ಇದ್ದರು. ನಿಜಾಮರ ಸೀಮೆಯಲ್ಲಿ ಯುನಾನಿ ಹಕೀಮರಿಗೆ ಮಾನವಿತ್ತು. ಅವರ ಕುಷ್ಟಾ ಫೌಲಾದ್ ಎಂದರೆ ಉಕ್ಕಿನ ಭಸ್ಮ. ಆಯುರ್ವೇದದವರು ಪಾಂಡುರೋಗಕ್ಕೆ ಮಂಡೂರ ಭಸ್ಮ ಕೊಡುತ್ತಿದ್ದರು, ಅದೂ ಕಬ್ಬಿಣವೇ. ಫ್ರಾನ್ಸಿನಲ್ಲಿ ಬ್ಲೋ ಎಂಬ ವೈದ್ಯ, ಬಿಳಿಚಿಕೊಂಡ ಹುಡುಗಿಯರಿಗೆ ಕಬ್ಬಿಣದ ಗುಳಿಗೆ ಕೊಟ್ಟು ಹೆಸರಾದದ್ದು 1832ರಲ್ಲಿ. ಆದರೆ ಯಾರ ಸುಸ್ತಿಗೆ ಕಬ್ಬಿಣ ಬೇಕು, ಯಾರಿಗೆ ಬೇಡ ಎಂದು ಅಳೆದು ನೋಡುವ ದಾರಿ ಹಕೀಮರಿಗೆ ಇರಲಿಲ್ಲ.

ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಏಳಲಾಗದ ದಣಿವಿನ ಒಂದು ಮೂಲ ಬಯಲಾದದ್ದು ನಮ್ಮ ಹೈದರಾಬಾದ್ ಸಂಸ್ಥಾನದಲ್ಲೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ. ಸುಸ್ತಿಯ ಇನ್ನೊಂದು ಮೂಲ ಸಿಕ್ಕಿದ್ದು ಮುಂಬಯಿಯಲ್ಲಿ. 1928ರಲ್ಲಿ ಅಲ್ಲಿಗೆ ಬಂದ ವೈದ್ಯೆ ಲೂಸಿ ವಿಲ್ಸ್, ಬಸುರಿಯರ ರಕ್ತಹೀನತೆಯನ್ನು ಬೆನ್ನುಹತ್ತಿದಳು. ಕಬ್ಬಿಣಕ್ಕೆ ಬಗ್ಗದ ಆ ರೋಗ ಯೀಸ್ಟಿನ ಸಾರಕ್ಕೆ ಬಗ್ಗಿತು. ಅದರಲ್ಲಿದ್ದ ವಸ್ತುವೇ ಇಂದಿನ ಫೋಲಿಕ್ ಆಸಿಡ್.

ನಮ್ಮ ತಟ್ಟೆಗೆ ಇನ್ನೂ ಹತ್ತಿರದ್ದು ಪೆಲಾಗ್ರ ಎಂಬ ರೋಗ. ಜಗತ್ತಿನಲ್ಲಿ ಇದು ಮೆಕ್ಕೆಜೋಳ ತಿನ್ನುವ ಬಡವರ ರೋಗವೆಂದು ಹೆಸರಾಗಿತ್ತು. ದಖ್ಖನ್ನಿನಲ್ಲಿ ಮಾತ್ರ ಬಿಳಿಜೋಳ ತಿನ್ನುವವರಲ್ಲಿ ಕಾಣುತ್ತಿತ್ತು. ಬಿಸಿಲು ಬಿದ್ದ ಕೈ, ಕುತ್ತಿಗೆ ಕಪ್ಪಗಾಗಿ ಸಿಪ್ಪೆ ಏಳುವುದು, ನಾಲಿಗೆ ಉರಿ, ಭೇದಿ, ಮಂಕು ಮನಸ್ಸು, ತೀರದ ಸುಸ್ತಿ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಿಯಾ ಇದನ್ನು ಅಭ್ಯಾಸ ಮಾಡಿ, ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಮೇಲೆ ಅನುಮಾನ ಇಟ್ಟು 1960ರಲ್ಲಿ ಬರೆದರು. ಆ ವಾದವನ್ನು ಮುಂದೆ ಎಲ್ಲರೂ ಒಪ್ಪಲಿಲ್ಲ. ನಯಾಸಿನ್ ಎಂಬ ವಿಟಮಿನ್ ಕೊಟ್ಟರೆ ರೋಗಿ ಎದ್ದು ಕೂರುವುದರ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ. ಇದನ್ನು ಓದಿ ಹೇಳಿದಾಗ ಆಯಿ, “ನಮ್ಮ ಓಣ್ಯಾಗ ಅಂಥ ಕೈ ಇದ್ದೋರು ಇದ್ರು. ರೊಟ್ಟಿ, ಖಾರಾ ಬಿಟ್ರ ಏನ್ ಉಣ್ತಿದ್ರು? ಮಂದಿ ಬಿಸಿಲಿಗಿ ಸುಟ್ಟಾವ ಅಂತಿದ್ರು” ಅಂದಳು. ಜೋಳದ ತಪ್ಪಲ್ಲ ಅದು. ರೊಟ್ಟಿಯ ಜೊತೆ ಬೇಳೆ, ಹಾಲು, ಕಾಯಿಪಲ್ಯ ಇದ್ದ ಮನೆಗಳಲ್ಲಿ ಕೈ ಕಪ್ಪಾಗಲಿಲ್ಲ.

ನಮ್ಮ ಲ್ಯಾಬಿನ ಹಳೆಯ ಕಪಾಟಿನಲ್ಲಿ ಸಾಹ್ಲಿಯ ಹಿಮೋಗ್ಲೋಬಿನ್ ಮೀಟರ್ ಒಂದಿದೆ. ಬೆರಳುದ್ದದ ಗೀಟು ಹಾಕಿದ ಗಾಜಿನ ಕೊಳವೆ, ಎರಡು ಕಡೆ ಕಂದು ಗಾಜಿನ ಪಟ್ಟಿ. ಆಸಿಡ್ಡಿಗೆ ಚೂರು ರಕ್ತ ಬೆರೆಸಿ, ಹತ್ತು ನಿಮಿಷ ಕಾದು, ಹನಿಹನಿ ನೀರು ಹಾಕುತ್ತ ಪಟ್ಟಿಯ ಬಣ್ಣಕ್ಕೆ ಸರಿ ಬರುವ ತನಕ ಕಲಕಬೇಕು. ಕಿಟಕಿಯ ಬೆಳಕಿಗೆ ಹಿಡಿದು ಓದಬೇಕು. ಒಂದು ಹನಿ ಹೆಚ್ಚಾದರೆ ಲೆಕ್ಕ ತಪ್ಪು. ದಶಕಗಟ್ಟಲೆ ಸಣ್ಣ ಊರುಗಳಲ್ಲಿ ರಕ್ತ ಕಮ್ಮಿ ಎಂಬ ತೀರ್ಮಾನ ಹೊರಟದ್ದು ಇಂಥ ಕೊಳವೆಗಳಿಂದ.

ಈ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಒಂದೇ: ಯಾರ ಸುಸ್ತಿ ಲೆಕ್ಕಕ್ಕೆ ಬಂತು? 1970ರಲ್ಲಿ ಸರ್ಕಾರ ಕಬ್ಬಿಣದ ಗುಳಿಗೆ ಹಂಚಲು ಶುರು ಮಾಡಿದಾಗ ಅದು ಮುಖ್ಯವಾಗಿ ಬಸುರಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ವಾರಕ್ಕೊಂದು ನೀಲಿ ಗುಳಿಗೆ ಬರಲು 2013 ಆಗಬೇಕಾಯಿತು. ಇಪ್ಪತ್ತು ದಾಟಿದ, ಬಸುರಿಯಲ್ಲದ ಹೆಣ್ಣುಮಗಳೂ 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆಯ ಪಟ್ಟಿಯಲ್ಲಿ ಇದ್ದಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 25 ಮಂದಿಗೆ ರಕ್ತಹೀನತೆ. ಸೋಯಾ ರಾಶಿಗೆ ಹೋಗುವ ಹುಡುಗ ಸುಸ್ತಿ ಎಂದರೆ ಇವತ್ತಿಗೂ ಅವನ ರಕ್ತ ತೆಗೆಸುವವರಿಲ್ಲ.

ಅವನಿಗೆ ಸಲೈನ್ ಹಚ್ಚಿಸುತ್ತಾರೆ. ನಮ್ಮ ಕಡೆ ಈಗಿನ ಹರಕೆ ಅದೇ. ಸಲೈನ್ ಎಂದು ಹಚ್ಚುವ ಅರ್ಧ ಲೀಟರಿನ ಶೇ 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿಯ ಕಸುವೂ ಅಲ್ಲ. ಕೂಲಿಯ ದುಡ್ಡು ಅದಕ್ಕೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇನ್ನು ನನ್ನ ವಿಷಯ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12, ಸಕ್ಕರೆ ಎಲ್ಲ ಸರಿ ಇವೆ. ದೊಡ್ಡ ಊರಿನ ವೈದ್ಯರೊಬ್ಬರು ಕಾಗದ ಮಡಚಿ, ಮದುವೆ ಮಾಡಿ ಸರಿಹೋಗುತ್ತದೆ ಎಂದರು. ಇಂಥ ಮಾತಿಗೂ ಚರಿತ್ರೆ ಇದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಗೊತ್ತಿಲ್ಲದ ಕಾಯಿಲೆಯಿಂದ ಮಲಗಿದರು. ಕೆಲವರು ಮತ್ತೆ ಮೊದಲಿನಂತಾಗಲಿಲ್ಲ. 1970ರಲ್ಲಿ ಇಬ್ಬರು ಮನೋವೈದ್ಯರು ರೋಗಿಗಳನ್ನು ನೋಡದೆ, ಹಳೆಯ ಕಡತ ಓದಿ, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ರೋಗಿಗಳಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ಕಾರಣಗಳಲ್ಲೊಂದು. 1988ರಲ್ಲಿ ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಎಂಬ ಹೆಸರು ಬಂತು. 2015ರಲ್ಲಿ ಅಮೆರಿಕದ ತಜ್ಞರ ಸಮಿತಿ ಇದು ದೇಹದ ಗಂಭೀರ ಕಾಯಿಲೆ, ದುಡಿದ ಮೇಲೆ ಉಲ್ಬಣಿಸುವುದೇ ಇದರ ಗುರುತು ಎಂದಿತು. ದಿನದಿನಕ್ಕೆ ವ್ಯಾಯಾಮ ಹೆಚ್ಚಿಸಿ ಎಂಬ ಸಲಹೆಯನ್ನು ಬ್ರಿಟನ್ 2021ರಲ್ಲಿ ಕೈಬಿಟ್ಟಿತು. ನನಗಿರುವುದು ಅದೇ ಎಂದು ಯಾರೂ ಇನ್ನೂ ಬರೆದುಕೊಟ್ಟಿಲ್ಲ.

ನಿಮ್ಮ ಮನೆಯ ಹರೆಯದ ಹುಡುಗಿಯೋ ಹುಡುಗನೋ ತಿಂಗಳುಗಟ್ಟಲೆ ಸುಸ್ತಿ ಎಂದರೆ ಸಲೈನ್ ಹಚ್ಚಿಸಬೇಡಿ; ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಏನೂ ಕಾಣದಿದ್ದರೆ ಮೈಗಳ್ಳತನ ಎನ್ನಬೇಡಿ. ಇನ್ನೊಬ್ಬ ವೈದ್ಯರನ್ನು ಕೇಳಿ, ಅಲ್ಲಿಯ ತನಕ ಕೆಲಸದಲ್ಲಿ ಕೈಜೋಡಿಸಿ.